ಹಳೆಯ ಜಾಝ್ ಕೇಳಲು ಸ್ವರ ವಿಶ್ಲೇಷಣೆ ಓದಬೇಕೇ, ಓದಿದರೆ ಕಿವಿ ಕೆಡುತ್ತದೆಯೇ?

ಸಂಜೆಮಲ್ಲಿಗೆ

ನಾನು ಸಂಗೀತ ಕಲಿತವಳಲ್ಲ. ಬಾಲ್ಯದಲ್ಲಿ ಎರಡು ವರ್ಷ ಸರಳೆವರಸೆ, ಜಂಟಿವರಸೆ ಹಾಡಿ, ಅಲಂಕಾರಗಳು ಮುಗಿಯುವ ಮೊದಲೇ ಬಿಟ್ಟವಳು. ಆದರೆ ನಾಲ್ಕು ವರ್ಷಗಳಿಂದ ಹಳೆಯ ಜಾಝ್ ಧ್ವನಿಮುದ್ರಣಗಳ ಹುಚ್ಚು ಹಿಡಿದಿದೆ. ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಾಕಿದರೆ, ಕೊನೆಯ ಲೋಟ ಒರೆಸಿಡುವ ವೇಳೆಗೆ ಮೊದಲ ಬದಿ ಮುಗಿದಿರುತ್ತದೆ.

ಇಷ್ಟು ಸಲ ಕೇಳಿದ ಮೇಲೆ ಒಳಗೇನು ನಡೆಯುತ್ತಿದೆ ಎಂದು ತಿಳಿಯಬೇಕೆನಿಸಿ, ಕಳೆದ ವಾರ ಅದರ ಮೊದಲ ಕೃತಿಯಾದ ‘ಸೋ ವಾಟ್’ ಕುರಿತ ದೀರ್ಘವಾದ ತಾಂತ್ರಿಕ ಲೇಖನವೊಂದನ್ನು ಓದಲು ಕುಳಿತೆ. ಡಿ ಡೋರಿಯನ್ ಎಂದರು, 32 ಬಾರ್ ಎಂದರು, ಪಿಯಾನೋದ ಸ್ವರಜೋಡಣೆ ನಾಲ್ಕನೆಯ ಅಂತರದ್ದು ಎಂದರು. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನಿದ್ದೆಯಲ್ಲೂ ಗುನುಗಬಲ್ಲ ಸಂಗೀತ ನನಗೆ ಅಪರಿಚಿತವಾಗಿತ್ತು. ಅಂದು ರಾತ್ರಿ ಅದನ್ನು ಕೇಳಿದಾಗ, ಲೇಖನ ಹೇಳಿದ್ದನ್ನು ಹುಡುಕುವ ಭರದಲ್ಲಿ ಡೇವಿಸ್ ಅವರ ಕಹಳೆ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ತಿಳಿಯಲಿಲ್ಲ.

ಇಂಥ ವಿಶ್ಲೇಷಣೆಗಳನ್ನು ಓದಿ ನಿಮಗೆ ನಿಜವಾಗಿಯೂ ಹೆಚ್ಚು ಕೇಳಿಸಿದೆಯೇ? ಕೇಳಿಸಿದ್ದರೆ ಏನು ಕೇಳಿಸಿತು ಎಂದು ದಯವಿಟ್ಟು ಉದಾಹರಣೆ ಸಹಿತ ಹೇಳಿ. ‘ಆಳವಾದ ಅರಿವು ಬರುತ್ತದೆ’ ಎಂಬಂಥ ಉತ್ತರ ನನಗೆ ಬೇಡ.

ಹಿಂಬೆಂಚು

ಕೇಳುವುದಕ್ಕೆ ಕಿವಿ ಸಾಕು. ಹುಳಿಯ ರುಚಿ ನೋಡಲು ಅಡುಗೆ ಪುಸ್ತಕ ಓದಬೇಕೆಂದು ಯಾರೂ ಹೇಳುವುದಿಲ್ಲ.

ಎಂಟಕ್ಷರ ಕಾಲ

ಸಂಜೆಮಲ್ಲಿಗೆಯವರೇ, ಆ ಲೇಖನವನ್ನು ಸದ್ಯಕ್ಕೆ ಬದಿಗಿಟ್ಟು, ಅದರ ಒಂದೇ ಒಂದು ಮಾತನ್ನು ಉಳಿಸಿಕೊಳ್ಳಿ: 32 ಬಾರ್. ಒಂದು ಬಾರ್ ಎಂದರೆ ನಾಲ್ಕು ಎಣಿಕೆ. ನಿಮಗೆ ಆದಿತಾಳ ಹಾಕಲು ಬರುತ್ತದೆಯಲ್ಲವೇ? ಒಂದು ಆವರ್ತನಕ್ಕೆ ಎರಡು ಬಾರ್ ಹಿಡಿಯುತ್ತದೆ. ಹಾಗಾದರೆ ಇಡೀ ಕೃತಿಯ ಚೌಕಟ್ಟು ಹದಿನಾರು ಆವರ್ತನಗಳದ್ದು. ಮೊದಲ ಎಂಟು ಆವರ್ತನ ಡಿ ಎಂಬ ನೆಲೆಯಲ್ಲಿ, ಮುಂದಿನ ನಾಲ್ಕು ಅರ್ಧ ಸ್ವರ ಮೇಲಿನ ಇ ಫ್ಲ್ಯಾಟ್ ನೆಲೆಯಲ್ಲಿ, ಕೊನೆಯ ನಾಲ್ಕು ಮರಳಿ ಡಿ ನೆಲೆಯಲ್ಲಿ. ಇಷ್ಟೇ ಹಂದರ. ಇದು ಒಂದು ಸಲ ತಿರುಗಿ ಬರಲು ಒಂದು ನಿಮಿಷಕ್ಕಿಂತ ತುಸು ಕಡಿಮೆ ಸಮಯ ಬೇಕು, ಮತ್ತು ಇದನ್ನೇ ಅವರು ಕೋರಸ್ ಎನ್ನುತ್ತಾರೆ.

ಈಗ ಹೀಗೆ ಮಾಡಿ. ಆರಂಭದ ಮಬ್ಬಾದ ಪಿಯಾನೋ ಮತ್ತು ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಮುಗಿದು, ಪಾಲ್ ಚೇಂಬರ್ಸ್ ಅವರ ಬಾಸ್ ಪ್ರಶ್ನೆ ಕೇಳುತ್ತದೆ, ಉಳಿದವರು ಎರಡು ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಅದಾದ ಮೇಲೆ, ಕೃತಿಯ ಆರಂಭದಿಂದ ಸುಮಾರು ಒಂದೂವರೆ ನಿಮಿಷಕ್ಕೆ, ಜಿಮ್ಮಿ ಕಾಬ್ ಅವರ ಸಿಂಬಲ್ ಒಮ್ಮೆ ಛಳ್ ಎಂದು ಒಡೆದು ಬಹಳ ಹೊತ್ತು ಅನುರಣಿಸುತ್ತದೆ. ಡೇವಿಸ್ ಅವರ ಸರದಿ ಅಲ್ಲಿಂದ ಶುರು. ಅಲ್ಲಿಂದ ತಾಳ ಹಾಕುತ್ತ ಹೋಗಿ, ಎಂಟು ಆವರ್ತನ ಮುಗಿದ ಕೂಡಲೇ ಕಹಳೆಯನ್ನು ಮರೆತು ಬಾಸ್ ಮೇಲೆ ಕಿವಿಯಿಡಿ. ನೆಲವೇ ಒಂದು ಮೆಟ್ಟಿಲು ಏರಿದಂತೆ ಕೇಳಿಸುತ್ತದೆ. ಅದೊಂದು ಕೇಳಿಸಿದರೆ ಲೇಖನದ ಮೊದಲ ಮೂರು ಪುಟಗಳ ಹಣ ವಸೂಲಾದಂತೆ.

ಪಿಟೀಲು ಪೆಟ್ಟಿಗೆ

ಡಿ ಡೋರಿಯನ್ ಎಂದು ಗಾಬರಿಯಾಗಬೇಡಿ, ಅದು ನಮ್ಮ ಖರಹರಪ್ರಿಯ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಮಧ್ಯದ ಭಾಗದಲ್ಲಿ ಅದೇ ಖರಹರಪ್ರಿಯವನ್ನು ಶ್ರುತಿಪೆಟ್ಟಿಗೆಯಲ್ಲಿ ಅರ್ಧ ಮನೆ ಏರಿಸಿ ನುಡಿಸುತ್ತಾರೆ.

ಬಿರ್ಕಾ

ಪಿಟೀಲು ಪೆಟ್ಟಿಗೆಯವರೇ, ಸ್ವರಸ್ಥಾನ ಒಂದೇ ಎಂದ ಮಾತ್ರಕ್ಕೆ ಅದು ಖರಹರಪ್ರಿಯವಾಗುವುದಿಲ್ಲ. ಗಾಂಧಾರದ ಆ ತೂಗು ಎಲ್ಲಿದೆ? ಡೇವಿಸ್ ಅಲ್ಲಿ ಗಾಂಧಾರವನ್ನು ಕಲ್ಲಿಟ್ಟಂತೆ ಇಡುತ್ತಾರೆ. ಮೇಳಕರ್ತದ ಕೋಷ್ಟಕ ನೋಡಿ ಜಾಝ್‌ಗೆ ರಾಗದ ಹೆಸರು ಅಂಟಿಸುವುದು ನಮ್ಮವರ ಹಳೆಯ ಚಟ.

ಪಿಟೀಲು ಪೆಟ್ಟಿಗೆ

ರಾಗವೆಂದು ನಾನೆಲ್ಲಿ ಹೇಳಿದೆ? ದಾರಿ ತಪ್ಪಿದವರಿಗೆ ಮೈಲಿಗಲ್ಲು ತೋರಿಸಿದೆ ಅಷ್ಟೆ. ಮೈಲಿಗಲ್ಲನ್ನೇ ಊರು ಎಂದುಕೊಳ್ಳುವವರು ಯಾರೂ ಇಲ್ಲಿಲ್ಲ.

ಹೇಗೂ ಆ ಕೃತಿಯ ಮಾತು ಬಂತಲ್ಲ, ನನ್ನದೊಂದು ಪೇಚಾಟ ಹೇಳುತ್ತೇನೆ. ಹತ್ತು ವರ್ಷಗಳ ಹಿಂದೆ ‘ಸೋ ವಾಟ್’ನ ಸ್ವರಲಿಪಿ ಹಿಡಿದು, ಮನೆಯಲ್ಲಿದ್ದ ಹಳೆಯ ಎಲ್‌ಪಿ ತಟ್ಟೆಯ ಜೊತೆ ಪಿಟೀಲು ನುಡಿಸಲು ಕುಳಿತೆ. ಟ್ಯೂನರ್ ಇಟ್ಟು ತಂತಿ ಕಟ್ಟಿದ್ದೆ, ಸ್ವರಲಿಪಿ ಸರಿಯಾಗಿತ್ತು, ಆದರೂ ಏನು ಮಾಡಿದರೂ ತಟ್ಟೆಯ ಶ್ರುತಿ ನನ್ನದಕ್ಕಿಂತ ಒಂದು ಕೂದಲೆಳೆ ಮೇಲೆಯೇ. ಮೊದಲು ನನ್ನ ಬೆರಳನ್ನು ಬೈದುಕೊಂಡೆ, ಆಮೇಲೆ ತಿರುಗುಮಣೆಯ ಬೆಲ್ಟನ್ನು ಬೈದೆ, ಹೊಸ ಬೆಲ್ಟನ್ನೂ ತರಿಸಿದೆ. ಎರಡನೆಯ ಬದಿ ಹಾಕಿದರೆ ಶ್ರುತಿ ಸರಿಯಾಗಿ ಕೂಡುತ್ತಿತ್ತು! ದೋಷ ಮೂಲದಲ್ಲೇ ಇತ್ತೆಂದು ನನಗೆ ತಿಳಿದದ್ದು ವಿಶ್ಲೇಷಣೆಯ ಬರಹವೊಂದರಿಂದಲೇ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ 30ನೇ ಬೀದಿಯ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಏರಿತು. ಆ ದಿನದ ಮೂರು ಕೃತಿಗಳೇ ಮೊದಲ ಬದಿ, ಏಪ್ರಿಲ್ 22ರಂದು ಮುದ್ರಿಸಿದವು ಎರಡನೆಯ ಬದಿ. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ತಿದ್ದಿದರು. ಅಲ್ಲಿಯವರೆಗೆ ಮೂರು ದಶಕ ಜಗತ್ತೆಲ್ಲ ಕೇಳಿದ್ದು ಆ ಏರಿದ ಶ್ರುತಿಯನ್ನೇ.

ಹಿಂಬೆಂಚು

ಜಗತ್ತೆಲ್ಲ ತಪ್ಪು ಶ್ರುತಿಯಲ್ಲಿ ಕೇಳಿಯೂ ಮೆಚ್ಚಿತು ಎಂದಾದರೆ ನನ್ನ ವಾದವೇ ಗೆದ್ದಿತಲ್ಲ.

ಎಂಟಕ್ಷರ ಕಾಲ

ನಿಮ್ಮ ಹುಳಿಗೆ ಇಂಗು ಬಿದ್ದಿದೆಯೇ ಇಲ್ಲವೇ ಎಂದು ಅಡುಗೆಮನೆಯಲ್ಲಿ ನಿಂತವರಿಗೆ ತಿಳಿಯುತ್ತದೆ. ಉಳಿದವರು ‘ಇವತ್ತು ಯಾಕೋ ಚೆನ್ನಾಗಿದೆ’ ಎಂದು ಉಣ್ಣುತ್ತಾರೆ. ಇಬ್ಬರ ಹೊಟ್ಟೆಯೂ ತುಂಬುತ್ತದೆ, ಆದರೆ ಸಂಜೆಮಲ್ಲಿಗೆಯವರು ಕೇಳಿದ್ದು ಹೊಟ್ಟೆಯ ಪ್ರಶ್ನೆಯಲ್ಲ.

ನೀಲಿ ಗಾಂಧಾರ

ಎಲ್ಲರೂ ಸ್ವರ, ಸ್ವರ ಎನ್ನುತ್ತಿದ್ದೀರಿ. ವಿಶ್ಲೇಷಣೆಯಿಂದ ನನಗೆ ಸಿಕ್ಕ ಮೊದಲ ಲಾಭ ನಾದದ ಬಣ್ಣದ್ದು. ಡ್ಯೂಕ್ ಎಲಿಂಗ್ಟನ್ ಅವರ 1930ರ ‘ಮೂಡ್ ಇಂಡಿಗೊ’ ಕೇಳಿದಾಗಲೆಲ್ಲ, ಆರಂಭದಲ್ಲಿ ಬರುವ ಆ ಮಂಕಾದ, ಹತ್ತಿ ತುಂಬಿದ ದಿಂಬಿನೊಳಗಿಂದ ಬಂದಂಥ ನಾದ ಯಾವ ವಾದ್ಯದ್ದು ಎಂದು ಯೋಚಿಸುತ್ತಿದ್ದೆ. ಅದು ಮೂರು ವಾದ್ಯಗಳದ್ದು ಎಂದು ಓದಿ ತಿಳಿಯಿತು: ಮೇಲೆ ಮ್ಯೂಟ್ (ನಾದ ತಗ್ಗಿಸುವ ಮುಚ್ಚಳ) ಹಾಕಿದ ಟ್ರಂಪೆಟ್, ಅದರ ಕೆಳಗೆ ಮ್ಯೂಟ್ ಹಾಕಿದ ಟ್ರಾಂಬೋನ್, ಎಲ್ಲಕ್ಕಿಂತ ಕೆಳಗೆ ಕ್ಲಾರಿನೆಟ್. ಅಂದಿನ ವಾದ್ಯಗೋಷ್ಠಿಗಳಲ್ಲಿ ಸಾಮಾನ್ಯವಾಗಿ ಮೇಲೆ ಹಾರಾಡುತ್ತಿದ್ದುದೇ ಕ್ಲಾರಿನೆಟ್. ಇಲ್ಲಿ ಅದನ್ನು ಹಿಡಿದು ನೆಲಮಾಳಿಗೆಗೆ ಇಳಿಸಿ, ತಳದಲ್ಲಿರಬೇಕಾದ ಟ್ರಾಂಬೋನನ್ನು ಅದರ ತಲೆಯ ಮೇಲೆ ಕೂರಿಸಿದ್ದಾರೆ. ಇದನ್ನು ಓದಿದ ಮೇಲೆ ಕಣ್ಣು ಮುಚ್ಚಿ ಕೇಳಿದೆ. ಮೂರನೆಯ ಸಲ ಕೇಳುವಾಗ, ಅಟ್ಟದಿಂದ ಏಣಿ ಇಳಿಸಿದಂತೆ ಮೂರು ಪದರಗಳೂ ಬಿಡಿಬಿಡಿಯಾಗಿ ಕೇಳಿಸಿದವು. ಒಂದು ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಹೆಸರೂ ನನಗೆ ಬೇಕಾಗಲಿಲ್ಲ.

ಸಂಜೆಮಲ್ಲಿಗೆ

ನೀಲಿ ಗಾಂಧಾರ ಅವರೇ, ನಾನು ಕೇಳಿದ್ದು ಇಂಥ ಉತ್ತರವನ್ನೇ. ಈಗಷ್ಟೇ ಹಾಕಿ ನೋಡಿದೆ. ಕ್ಲಾರಿನೆಟ್ ಸಿಕ್ಕಿತು, ಆದರೆ ಟ್ರಾಂಬೋನ್ ಇನ್ನೂ ಸಿಕ್ಕಿಲ್ಲ.

ಬಿರ್ಕಾ

ಒಳ್ಳೆಯ ವಿಶ್ಲೇಷಣೆಯ ಉದಾಹರಣೆಗಳು ಸಾಕಷ್ಟು ಬಂದವು, ಈಗ ನನ್ನ ತಕರಾರು ಕೇಳಿ. ವಿಶ್ಲೇಷಕ ತನಗೆ ಬೇಕಾದ್ದನ್ನು ಕಂಡುಕೊಂಡು, ಅದು ವಾದಕನ ಗುಣವೆಂದು ಹೇಳುವುದು ಈ ಕ್ಷೇತ್ರದ ದೊಡ್ಡ ರೋಗ. ಇದಕ್ಕೆ ಸ್ಯಾಕ್ಸೊಫೋನ್ ವಾದಕ ಸನ್ನಿ ರೋಲಿನ್ಸ್ ಅವರ ‘ಬ್ಲೂ ಸೆವೆನ್’ಗಿಂತ ಒಳ್ಳೆಯ ಸಾಕ್ಷಿಯಿಲ್ಲ. 1956ರ ಜೂನ್ 22ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ತಮ್ಮ ತಂದೆತಾಯಿಯ ಮನೆಯ ನಡುಮನೆಯಲ್ಲೇ ಮಾಡಿಕೊಂಡಿದ್ದ ಸ್ಟುಡಿಯೋದಲ್ಲಿ ಮುದ್ರಣವಾದ ಹನ್ನೊಂದು ನಿಮಿಷದ ಬ್ಲೂಸ್ ಅದು. ಮೊದಲು ಡಗ್ ವಾಟ್ಕಿನ್ಸ್ ಅವರ ಬಾಸ್ ಒಂದೇ ನಡೆದು ಬರುತ್ತದೆ. ಆಮೇಲೆ ರೋಲಿನ್ಸ್ ಕೆಲವೇ ಸ್ವರಗಳನ್ನು ಉದುರಿಸುತ್ತಾರೆ, ಅವು ಯಾವ ಷಡ್ಜಕ್ಕೆ ಸೇರಿದವೆಂದು ಸುಲಭವಾಗಿ ಗೊತ್ತಾಗುವುದಿಲ್ಲ.

1958ರಲ್ಲಿ ಸಂಯೋಜಕರೂ ಫ್ರೆಂಚ್ ಹಾರ್ನ್ ವಾದಕರೂ ಆಗಿದ್ದ ಗುಂಥರ್ ಶುಲ್ಲರ್ ಇದರ ಬಗ್ಗೆ ಸ್ವರಲಿಪಿ ಸಮೇತ ಒಂದು ಲೇಖನ ಬರೆದರು. ಆ ಕೆಲವೇ ಸ್ವರಗಳ ಬೀಜದಿಂದ ಇಡೀ ಮನೋಧರ್ಮ ಹುಟ್ಟಿದೆ, ಹಾಗಾಗಿ ಇದು ತಾನೇ ಕಟ್ಟಿಕೊಂಡ ಒಂದು ಸಂಯೋಜನೆಯಂತಿದೆ ಎಂಬುದು ಅವರ ವಾದ. ಬೀಜದಿಂದ ಮರ ಬೆಳೆಯಬೇಕು ಎಂಬುದು ಯುರೋಪಿನ ಶಾಸ್ತ್ರೀಯ ಸಂಗೀತದ ಆಸೆ. ಆ ಆಸೆಯನ್ನು ರೋಲಿನ್ಸ್ ಪೂರೈಸಿದರೆಂದು ಅವರಿಗೆ ಪೂರ್ಣಾಂಕ ಕೊಟ್ಟರು. ಪೂರೈಸದ ನೂರು ಜನ ಹಾಗಾದರೆ ಕಡಿಮೆಯವರೇ? ಮುಂದಿನ ಪೀಳಿಗೆಯ ಸಂಶೋಧಕರು ಹುಡುಕಿದಾಗ, ಶುಲ್ಲರ್ ಬೀಜವೆಂದು ಕರೆದ ತುಣುಕುಗಳಂಥವು ರೋಲಿನ್ಸ್ ಅವರ ಬೇರೆ ಧ್ವನಿಮುದ್ರಣಗಳಲ್ಲೂ ಸಿಕ್ಕವು. ಎಲ್ಲಕ್ಕಿಂತ ಮುಖ್ಯವಾಗಿ, ಆ ಲೇಖನ ಓದಿದ ರೋಲಿನ್ಸ್ ಅವರಿಗೇ ಅದು ಸಂತೋಷಕ್ಕಿಂತ ಹೆಚ್ಚು ಗೊಂದಲವನ್ನೇ ತಂದಿತು. ತಮ್ಮ ಬಗೆಗಿನ ವಿಮರ್ಶೆಗಳನ್ನು ಇನ್ನು ಓದುವುದಿಲ್ಲವೆಂದು ಅವರು ಹೇಳಿಕೊಂಡರು.

ರಾತ್ರಿಪಾಳಿ

ಆ ಲೇಖನದ ದೆಸೆಯಿಂದಲೇ ಅಲ್ಲವೇ ರೋಲಿನ್ಸ್ ನುಡಿಸುವುದನ್ನೇ ಬಿಟ್ಟು ಎರಡು ವರ್ಷ ಸೇತುವೆಯ ಮೇಲೆ ನಿಂತದ್ದು?

ಬಿರ್ಕಾ

ಅದು ಅತಿರಂಜನೆ. 1959ರಿಂದ 1961ರವರೆಗೆ ಅವರು ವೇದಿಕೆಯಿಂದ ದೂರವಿದ್ದುದು ನಿಜ. ಹೊಗಳಿಕೆ ತನ್ನ ಯೋಗ್ಯತೆಗಿಂತ ಹೆಚ್ಚಾಯಿತು, ಇನ್ನೂ ಸಾಧನೆ ಬೇಕು ಎಂಬುದು ಅವರೇ ಕೊಟ್ಟ ಕಾರಣ. ವಿಲಿಯಮ್ಸ್‌ಬರ್ಗ್ ಸೇತುವೆಗೆ ಹೋದದ್ದು, ಮನೆಯಲ್ಲಿ ಸಾಧನೆ ಮಾಡಿದರೆ ನೆರೆಮನೆಯವರಿಗೆ ತೊಂದರೆಯಾಗುತ್ತದೆಂದು. ನನ್ನ ವಾದಕ್ಕೆ ಅನುಕೂಲವಾದರೂ ಆ ಕಥೆಯನ್ನು ನಾನು ಬಳಸಲಾರೆ.

ನೀಲಿ ಗಾಂಧಾರ

ಬಿರ್ಕಾ ಅವರೇ, ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ, ಆದರೆ ನಿಮ್ಮ ತೀರ್ಮಾನವನ್ನು ಒಪ್ಪಲಾರೆ. ಶುಲ್ಲರ್ ಅವರ ಮಾನದಂಡ ಯುರೋಪಿನದ್ದು ಎಂಬುದು ಸರಿ. ಆದರೂ ಅವರ ಲೇಖನ ಓದುವ ಮೊದಲು ನಾನು ಆ ಕೃತಿಯಲ್ಲಿ ಮ್ಯಾಕ್ಸ್ ರೋಚ್ ಅವರ ತಾಳವಾದ್ಯದ ಸರದಿ ಬಂದಾಗ ನೀರು ಕುಡಿಯಲು ಏಳುತ್ತಿದ್ದೆ. ಆ ಸರದಿ ಮೂರರ ನಡೆಯ ಒಂದು ತುಣುಕು ಮತ್ತು ಒಂದು ಉರುಳು, ಇವೆರಡರ ಮೇಲೆ ನಿಂತಿದೆ ಎಂದು ಅವರು ತೋರಿಸಿದ ಮೇಲೆ ಏಳುವುದನ್ನು ಬಿಟ್ಟೆ. ರೋಲಿನ್ಸ್ ಅದನ್ನು ಯೋಚಿಸಿ ಮಾಡಿದರೋ ಬಿಟ್ಟರೋ, ರೋಚ್ ಯೋಚಿಸಿದರೋ ಬಿಟ್ಟರೋ, ತಟ್ಟೆಯಲ್ಲಿ ಅದು ಇದೆ. ತನಿ ಆವರ್ತನಕ್ಕೆ ಎದ್ದು ಕಾಫಿಗೆ ಹೋಗುವ ನಮ್ಮ ಸಭಿಕರ ಕೈಗೂ ಯಾರಾದರೂ ಇಂಥದೊಂದು ಲೇಖನ ಕೊಡಬೇಕು.

ಹೂಸ್ಟನ್ ಹೊನ್ನಮ್ಮ

ತಾಂತ್ರಿಕ ವಿಶ್ಲೇಷಣೆ ಹೊರಗಿನ ಪಂಡಿತರು ತಂದು ಹೇರಿದ್ದು ಎಂಬ ಧ್ವನಿ ಬಿರ್ಕಾ ಅವರ ಮಾತಿನಲ್ಲಿದೆ, ಅದು ಅರ್ಧ ಸತ್ಯ. ‘ಕೈಂಡ್ ಆಫ್ ಬ್ಲೂ’ ಹಿಂದಿನ ಸ್ವರಶ್ರೇಣಿಯ ಚಿಂತನೆಗೆ ದಾರಿ ಮಾಡಿದವರಲ್ಲಿ ಜಾರ್ಜ್ ರಸೆಲ್ ಒಬ್ಬರು. ಅವರು ಸ್ವತಃ ಜಾಝ್ ಸಂಯೋಜಕರು, ಕಪ್ಪು ಜನಾಂಗದವರು, 1953ರಲ್ಲೇ ತಮ್ಮ ಸಿದ್ಧಾಂತವನ್ನು ಪುಸ್ತಕ ಮಾಡಿದ್ದರು. ಆ ಧ್ವನಿಮುದ್ರಣದ ಪಿಯಾನೋ ವಾದಕ ಬಿಲ್ ಇವಾನ್ಸ್ ಮೊದಲು ಅವರೊಂದಿಗೆ ನುಡಿಸಿದವರೇ. ಇನ್ನೂ ಹಿಂದೆ ಹೋದರೆ, 1937ರ ಬೇಸಿಗೆಯಲ್ಲಿ ಓಝಾರ್ಕ್ಸ್ ಬೆಟ್ಟಗಳ ಕಡೆ ಕೆಲಸಕ್ಕೆ ಹೋದ ಹದಿಹರೆಯದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್, ತಮಗಿಂತ ಹಿರಿಯ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ತಟ್ಟೆಗಳನ್ನು ಜೊತೆಗೊಯ್ದು ಸ್ವರ ಸ್ವರ ಬಿಡಿಸಿ ಕಲಿತರು. ಅದು ವಿಶ್ಲೇಷಣೆಯಲ್ಲದೆ ಮತ್ತೇನು? ಕಾಗದ ಇರಲಿಲ್ಲ ಅಷ್ಟೆ.

ರಾತ್ರಿಪಾಳಿ

ಪಾರ್ಕರ್ ಅವರ ಹೆಸರು ಬಂದದ್ದರಿಂದ ಒಂದು ದುಃಖ ಹೇಳಿಕೊಳ್ಳುತ್ತೇನೆ. ಅವರ ಸುಮಾರು 250 ಸೋಲೋಗಳನ್ನು (ಒಬ್ಬರೇ ಮನೋಧರ್ಮ ನುಡಿಸುವ ಸರದಿಗಳನ್ನು) ಸ್ವರಪಡಿಸಿ, ಅವುಗಳಲ್ಲಿ ಮತ್ತೆ ಮತ್ತೆ ಬರುವ ನೂರರಷ್ಟು ಸಿದ್ಧ ತುಣುಕುಗಳನ್ನು ಪಟ್ಟಿ ಮಾಡಿದ ಥಾಮಸ್ ಓವೆನ್ಸ್ ಅವರ 1974ರ ಸಂಶೋಧನೆಯ ಬಗ್ಗೆ ಓದಿದೆ. ಅಂದಿನಿಂದ ಪಾರ್ಕರ್ ಕೇಳಿದಾಗ ‘ಇದು ಆ ತುಣುಕು, ಇದು ಈ ತುಣುಕು’ ಎಂದು ಮನಸ್ಸು ಚೀಟಿ ಅಂಟಿಸುತ್ತದೆ. ಆಕಾಶದಿಂದ ಇಳಿದದ್ದು ಎಂದುಕೊಂಡಿದ್ದೆ, ಕಪಾಟಿನಿಂದ ತೆಗೆದದ್ದು ಎಂದು ತಿಳಿಯಿತು. ಹಿಂಬೆಂಚಿನವರು ಹೇಳಿದಂತೆ ಓದದೆ ಇರಬೇಕಾಗಿತ್ತು.

ಮೂಡಲಪಾಯ

ರಾತ್ರಿಪಾಳಿಯವರೇ, ತಾಳಮದ್ದಳೆಯ ಅರ್ಥಧಾರಿಗೆ ಪದ್ಯ ಮೊದಲೇ ಗೊತ್ತು, ಶ್ಲೋಕಗಳು ಬಾಯಲ್ಲಿವೆ, ಎದುರಾಳಿಯ ಪಟ್ಟುಗಳೂ ಗೊತ್ತು. ಆದರೂ ಒಂದೇ ಪ್ರಸಂಗಕ್ಕೆ ನಾಳೆ ಮತ್ತೆ ಹೋಗುತ್ತೇವೆ. ನಿಮ್ಮ ದುಃಖಕ್ಕೆ ಮದ್ದು ಅದೇ ಪಾರ್ಕರ್ ಅವರಲ್ಲಿದೆ. 1947ರ ಅಕ್ಟೋಬರ್ 28ರಂದು ಅವರು ‘ಎಂಬ್ರೇಸಬಲ್ ಯೂ’ವನ್ನು ಎರಡು ಸಲ ನುಡಿಸಿದರು, ಎರಡೂ ಮುದ್ರಣಗಳು ಉಳಿದಿವೆ. ಮೊದಲನೆಯದರಲ್ಲಿ ಎಲ್ಲರಿಗೂ ಗೊತ್ತಿದ್ದ ಮೂಲ ಧಾಟಿಯನ್ನು ಬಿಟ್ಟು, ಆರು ಸ್ವರಗಳ ಒಂದು ಪುಟ್ಟ ಮಾತಿನಿಂದ ಶುರು ಮಾಡುತ್ತಾರೆ. ಅದನ್ನೇ ಮತ್ತೆ ಹೇಳುತ್ತಾರೆ, ತುಸು ಬಾಗಿಸಿ ಹೇಳುತ್ತಾರೆ, ಕೆಳಗಿನ ಕಾರ್ಡ್ ಬದಲಾದಂತೆ ಅದರ ಮುಖ ಬದಲಾಗುತ್ತದೆ. ಅದೇ ದಿನ, ಅದೇ ಕೋಣೆ, ಅವರೇ ಜೊತೆಗಾರರು, ಎರಡನೆಯ ಸಲ ಆ ಮಾತಿನ ಸುಳಿವೇ ಇಲ್ಲದೆ ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ತುಣುಕುಗಳ ಪಟ್ಟಿ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಪಟ್ಟಿಗೆ ಸಿಗದ್ದು ಎಷ್ಟಿದೆ ಎಂಬುದು ಆಗಲೇ ಕಾಣುವುದು.

ಪಿಟೀಲು ಪೆಟ್ಟಿಗೆ

ಸಿದ್ಧ ತುಣುಕಿನ ಮಾತಿಗೆ ‘ಜೈಂಟ್ ಸ್ಟೆಪ್ಸ್’ ಹೆಸರು ಯಾರೂ ಎತ್ತಲಿಲ್ಲವಲ್ಲ! ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್, 1959ರ ಮೇ ತಿಂಗಳು. ಹದಿನಾರು ಬಾರ್‌ಗಳಲ್ಲಿ 26 ಕಾರ್ಡ್‌ಗಳು ಬರುತ್ತವೆ, ಅವು ಬಿ, ಜಿ, ಇ ಫ್ಲ್ಯಾಟ್ ಎಂಬ ಮೂರು ನೆಲೆಗಳ ನಡುವೆ ಓಡಾಡುತ್ತವೆ. ಸ್ಥಾಯಿಯನ್ನು ಮೂರು ಸಮಪಾಲು ಮಾಡಿದರೆ ಸಿಗುವ ಜಾಗಗಳು ಅವು. ಲೆಕ್ಕ ಹಾಕಿ ನೋಡಿದೆ, ಒಂದು ಸುತ್ತು ಮುಗಿಯಲು ಸುಮಾರು 13 ಸೆಕೆಂಡು ಸಾಕು, ಅಂದರೆ ಸರಾಸರಿ ಸೆಕೆಂಡಿಗೆ ಎರಡು ಕಾರ್ಡ್. ಕೋಲ್ಟ್ರೇನ್ ಅಲ್ಲಿ ಸ ರಿ ಗ ಪ ಎಂಬ ನಾಲ್ಕು ಸ್ವರಗಳ ತುಣುಕನ್ನು ಹೊಸ ಹೊಸ ಷಡ್ಜದ ಮೇಲೆ ಕೂರಿಸುತ್ತ ಹೋಗುತ್ತಾರೆ. ಅಭ್ಯಾಸ ಮಾಡಿಕೊಂಡೇ ಬಂದಿದ್ದರು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲೆ ಬರುವ ಟಾಮಿ ಫ್ಲಾನಗನ್ ಅವರ ಪಿಯಾನೋ. ಅವರು ಚುರುಕಾಗಿ ಹೊರಡುತ್ತಾರೆ, ಸಾಲು ಕಡಿಯುತ್ತದೆ, ಮತ್ತೆ ಹಿಡಿಯುತ್ತಾರೆ, ಮತ್ತೆ ಕಡಿಯುತ್ತದೆ, ಕೊನೆಗೆ ಸಾಲನ್ನೇ ಬಿಟ್ಟು ಬರಿಯ ಕಾರ್ಡ್‌ಗಳನ್ನು ಒತ್ತುತ್ತಾರೆ. ವಿಶ್ಲೇಷಣೆ ಓದುವ ಮೊದಲು ಅದು ನನಗೆ ‘ವಿರಾಮವಿಟ್ಟು ನುಡಿಸುವ ಶೈಲಿ’ಯಾಗಿ ಕೇಳಿಸಿತ್ತು! ಈಗ ಓಡುವ ರೈಲಿನ ಬಾಗಿಲಿನ ಕಂಬಿ ಹಿಡಿದ ಮನುಷ್ಯ ಕಾಣುತ್ತಾರೆ. ಮೊದಲಿಗಿಂತ ಈಗಲೇ ಅವರ ಮೇಲೆ ಪ್ರೀತಿ ಹೆಚ್ಚು. 1982ರಲ್ಲಿ ಅವರು ತಮ್ಮದೇ ಮೂವರ ತಂಡ ಕಟ್ಟಿಕೊಂಡು ಅದೇ ಕೃತಿಯನ್ನು ಮತ್ತೆ ಮುದ್ರಿಸಿದರು, ಈ ಸಲ ಎಡವದೆ.

ಕರಾವಳಿ ಸ್ಯಾಕ್ಸ್

ವಿಷಯ ಸ್ವಲ್ಪ ಆಚೆ ಹೋದರೂ ಹೇಳುತ್ತೇನೆ. ಜಾಝ್ ಮತ್ತು ನಮ್ಮ ತಾಳದ ನಂಟನ್ನು ಕೇಳಬೇಕಾದರೆ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ ಮುದ್ರಿಸಿದ ‘ಜ್ಯೋತಿ’ ಇದೆ. ಆರ್. ಎ. ರಮಾಮಣಿಯವರ ಗಾಯನ, ಟಿ. ಎ. ಎಸ್. ಮಣಿಯವರ ಮೃದಂಗ. ನಮ್ಮ ಕದ್ರಿ ಗೋಪಾಲನಾಥರು ರುದ್ರೇಶ್ ಮಹಾಂತಪ್ಪನವರ ಜೊತೆ ನುಡಿಸಿದ 2008ರ ‘ಕಿನ್ಸ್‌ಮೆನ್’ ಕೂಡ ಇದೆ. ಹಾಗೆಯೇ, ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ನಮ್ಮ ಖಂಡಚಾಪು ತಾನೇ?

ಎಂಟಕ್ಷರ ಕಾಲ

ಎಣಿಕೆ ಐದೇ, ಮುರಿಯುವ ಜಾಗ ಬೇರೆ. ನಮ್ಮ ಖಂಡಚಾಪು ಎರಡು ಮತ್ತು ಮೂರು, ‘ಟೇಕ್ ಫೈವ್’ನ ಪಿಯಾನೋ ಮೂರು ಮತ್ತು ಎರಡು. ಖಂಡಚಾಪು ಹಾಕುತ್ತ ಕೂತರೆ ನಿಮ್ಮ ಕೈ ಒಂದು ಕಡೆ, ಪಿಯಾನೋದ ಎಡಗೈ ಇನ್ನೊಂದು ಕಡೆ ಎಳೆಯುತ್ತದೆ. ಅದನ್ನು ಬರೆದವರು ಬ್ರೂಬೆಕ್ ಅಲ್ಲ, ಸ್ಯಾಕ್ಸೊಫೋನ್ ನುಡಿಸಿದ ಪಾಲ್ ಡೆಸ್ಮಂಡ್ ಎಂಬುದನ್ನೂ ಸೇರಿಸುತ್ತೇನೆ. ಇನ್ನುಳಿದ ಸಮ್ಮಿಲನದ ಚರ್ಚೆಗೆ ಬೇರೆ ಎಳೆ ತೆರೆಯೋಣ, ಇಲ್ಲಿ ಹಳೆಯ ಮುದ್ರಣಗಳ ಮಾತು ನಡೆಯಲಿ.

ಬಿರ್ಕಾ

ಎಂಟಕ್ಷರ ಕಾಲದವರು ಎಲ್ಲರನ್ನೂ ತಿದ್ದುತ್ತಿದ್ದಾರೆ, ಅವರನ್ನೂ ಒಮ್ಮೆ ತಿದ್ದುತ್ತೇನೆ. ‘ಸೋ ವಾಟ್’ಗೆ ಆದಿತಾಳ ಹಾಕಿ ಎಂದಿರಿ. ಎಣಿಕೆಗೆ ಸರಿ, ಒತ್ತಿಗೆ ತಪ್ಪು. ನಮ್ಮ ಪೆಟ್ಟು ಬೀಳುವುದು ಮೊದಲ ಎಣಿಕೆಗೆ, ಅವರಲ್ಲಿ ತಾಳವಾದ್ಯಗಾರನ ಎಡಗಾಲಿನ ಸಿಂಬಲ್ ಜೋಡಿ ಕೂಡುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಸ್ವರಲಿಪಿಯಲ್ಲಿ ಸಮನಾಗಿ ಬರೆದ, ಅರ್ಧ ಎಣಿಕೆಯ ಎರಡು ಸ್ವರಗಳನ್ನು ಅವರು ಸಮನಾಗಿ ನುಡಿಸುವುದಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ನಿಧಾನ ಕಾಲದಲ್ಲಿ ಅಂತರ ಹೆಚ್ಚು, ದ್ರುತದಲ್ಲಿ ಬಹುತೇಕ ಸಮ. ಸ್ವಿಂಗ್ ಎಂದು ಜನ ತಲೆದೂಗುವುದು ಇದಕ್ಕೇ, ಕಾಗದದಲ್ಲಿ ಇಲ್ಲದ್ದೂ ಇದೇ. ನಿಮ್ಮ ವಿಶ್ಲೇಷಣೆಯ ಪುಟಗಳಲ್ಲಿ ಗಮಕವಿಲ್ಲದ ಕೃತಿಯಷ್ಟೇ ಜೀವ ಇರುತ್ತದೆ.

ಎಂಟಕ್ಷರ ಕಾಲ

ಒಪ್ಪಿದೆ, ಪೆಟ್ಟು ಎರಡಕ್ಕೆ ಮತ್ತು ನಾಲ್ಕಕ್ಕೆ. ಆದರೆ ಇದೀಗ ತಾವು ಬರೆದದ್ದು ಸ್ವಿಂಗ್ ಕುರಿತ ತಾಂತ್ರಿಕ ವಿಶ್ಲೇಷಣೆಯೇ ಎಂಬುದನ್ನು ವಿನಯದಿಂದ ಗಮನಕ್ಕೆ ತರುತ್ತೇನೆ.

ಹಿಂಬೆಂಚು

ನಾನು ಮನೆಗೆ ಹೋಗಬಹುದೇ?

ಹೂಸ್ಟನ್ ಹೊನ್ನಮ್ಮ

ಹಿಂಬೆಂಚಿನವರೇ, ಇದೊಂದನ್ನು ಓದಿ ಹೋಗಿ. ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’, 1964ರ ಡಿಸೆಂಬರ್ 9. ಅದರ ಮೊದಲ ಭಾಗದಲ್ಲಿ ಜಿಮ್ಮಿ ಗ್ಯಾರಿಸನ್ ಅವರ ಬಾಸ್ ನಾಲ್ಕು ಸ್ವರಗಳ ಒಂದು ಮಾತನ್ನು ಹೇಳುತ್ತದೆ. ಭಾಗದ ಕೊನೆಯ ಹೊತ್ತಿಗೆ ಕೋಲ್ಟ್ರೇನ್ ಆ ನಾಲ್ಕು ಸ್ವರಗಳನ್ನೇ ಹಿಡಿದು, ಹನ್ನೆರಡು ಶ್ರುತಿಗಳಲ್ಲಿಯೂ ಒಂದೊಂದಾಗಿ ಇಟ್ಟು ನೋಡುತ್ತಾರೆ. ಕೆಳಗಿನ ಬಾಸ್ ಮಾತ್ರ ತನ್ನ ಜಾಗ ಬಿಡುವುದಿಲ್ಲ. ಇದನ್ನು ಓದುವ ಮೊದಲು ಆ ಭಾಗ ನನಗೆ ದಾರಿ ತಪ್ಪಿದ ಅಲೆದಾಟದಂತೆ ಕೇಳಿಸುತ್ತಿತ್ತು. ಹನ್ನೆರಡು ಎಂದು ತಿಳಿದ ಮೇಲೆ ಅದು ಮನೆಮನೆಯ ಬಾಗಿಲು ತಟ್ಟಿದಂತೆ ಕೇಳಿಸಿತು. ಅದಾದ ಮೇಲೆಯೇ ಆ ನಾಲ್ಕು ಸ್ವರಗಳಿಗೆ ಮಾತು ಕೂಡಿ, ಕೃತಿಯ ಹೆಸರು ಮಂತ್ರದಂತೆ ಕಂಠದಿಂದ ಬರುತ್ತದೆ.

ಪಿಟೀಲು ಪೆಟ್ಟಿಗೆ

ಅಂದರೆ ಗ್ರಹಭೇದ!

ಬಿರ್ಕಾ

ಅಲ್ಲ, ಖಂಡಿತ ಅಲ್ಲ. ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇದ್ದು ಷಡ್ಜ ಜರುಗುತ್ತದೆ, ಆಗ ಬೇರೆ ರಾಗ ಹುಟ್ಟುತ್ತದೆ. ಇಲ್ಲಿ ಮಾತೇ ಇಡಿಯಾಗಿ ಜರುಗುತ್ತದೆ, ಅದರ ಆಕಾರ ಬದಲಾಗುವುದಿಲ್ಲ. ಮೈಲಿಗಲ್ಲು ತಪ್ಪು ಊರಿಗೆ ಕಳಿಸುವುದು ಹೀಗೆಯೇ.

ಹೂಸ್ಟನ್ ಹೊನ್ನಮ್ಮ

ಇಬ್ಬರೂ ಸ್ವಲ್ಪ ತಾಳಿ, ನಾನು ಹೇಳಬೇಕೆಂದದ್ದು ಇನ್ನೂ ಬಂದಿಲ್ಲ. ಅದರ ಕೊನೆಯ ಭಾಗದ ಹೆಸರು ‘ಸಾಮ್’, ಅಂದರೆ ಸ್ತುತಿಗೀತೆ. ತಾಳವಿಲ್ಲ, ಎಲ್ವಿನ್ ಜೋನ್ಸ್ ಅವರ ತಾಳವಾದ್ಯಗಳು ದೂರದ ಗುಡುಗಿನಂತೆ ಉರುಳುತ್ತವೆ, ಸ್ಯಾಕ್ಸೊಫೋನ್ ಏನನ್ನೋ ಹೇಳುತ್ತಿರುತ್ತದೆ. ತಟ್ಟೆಯ ಲಕೋಟೆಯ ಒಳಗೆ ಕೋಲ್ಟ್ರೇನ್ ತಾವೇ ಬರೆದ ಪ್ರಾರ್ಥನೆಯ ಪದ್ಯವೊಂದನ್ನು ಅಚ್ಚು ಹಾಕಿಸಿದ್ದರು. ಇವೆರಡರ ಸಂಬಂಧವನ್ನು ಸ್ವರಲಿಪಿ ಬರೆದು ತೋರಿಸಿದವರು 1980ರ ದಶಕದಲ್ಲಿ ಲೂಯಿಸ್ ಪೋರ್ಟರ್ ಎಂಬ ವಿದ್ವಾಂಸರು. ಸ್ಯಾಕ್ಸೊಫೋನ್ ಆ ಪದ್ಯವನ್ನೇ ಅಕ್ಷರ ಅಕ್ಷರವಾಗಿ ಓದುತ್ತಿದೆ. ದೇವರಿಗೆ ಕೃತಜ್ಞತೆ ಹೇಳುವ ಸಾಲು ಬಂದಾಗಲೆಲ್ಲ ಸ್ವರ ಇಳಿದು ಷಡ್ಜಕ್ಕೆ ಬಂದು ನಿಲ್ಲುತ್ತದೆ.

ನಾನು ಇದನ್ನು ತಿಳಿದದ್ದು ಹದಿನೈದು ವರ್ಷ ಆ ಕೃತಿಯನ್ನು ಕೇಳಿದ ಮೇಲೆ. ಒಂದು ಭಾನುವಾರ ಬೆಳಿಗ್ಗೆ ಪದ್ಯವನ್ನು ಮುಂದಿಟ್ಟುಕೊಂಡು, ಬೆರಳಿನಿಂದ ಸಾಲು ತೋರಿಸುತ್ತ, ಮಗಳಿಗೆ ಓದು ಕಲಿಸುವವಳಂತೆ ಕೇಳಿದೆ. ಎರಡು ಕಡೆ ಬೆರಳು ತಪ್ಪಿತು, ಮತ್ತೆ ಮೊದಲಿನಿಂದ ಹಾಕಿದೆ. ನನ್ನ ಅಜ್ಜಿ ತಾಳವಿಲ್ಲದೆ ಉಗಾಭೋಗ ಹೇಳುತ್ತಿದ್ದರು, ಒಂದು ಮಾತನ್ನು ಎಳೆದು, ಇನ್ನೊಂದನ್ನು ನುಂಗಿ, ಕೊನೆಯ ಹೆಸರಿಗೆ ಬಂದು ದನಿ ಇಳಿಸುತ್ತಿದ್ದರು. ಇಂಥದೊಂದು ಓದು ಈ ಕೃತಿಯೊಳಗೆ ನಡೆಯುತ್ತಿದೆ ಎಂಬುದು ಹದಿನೈದು ವರ್ಷ ನನ್ನ ಕಿವಿಯ ಪಕ್ಕದಲ್ಲೇ ಇದ್ದೂ ಕೇಳಿಸಿರಲಿಲ್ಲ.

ಹಿಂಬೆಂಚು

ಆ ಪದ್ಯ ಎಲ್ಲಿ ಸಿಗುತ್ತದೆ?

ಹೂಸ್ಟನ್ ಹೊನ್ನಮ್ಮ

ತಟ್ಟೆಯ ಮರುಮುದ್ರಣಗಳ ಲಕೋಟೆಯಲ್ಲಿಯೂ ಇರುತ್ತದೆ, ಸಣ್ಣ ಅಕ್ಷರ, ಕನ್ನಡಕ ಬೇಕು.

ನೀಲಿ ಗಾಂಧಾರ

ಸಂಜೆಮಲ್ಲಿಗೆಯವರು ಆರಂಭಿಸುವುದಾದರೆ ಇಷ್ಟು ದೊಡ್ಡದರಿಂದ ಬೇಡ, ಮೂರೂಕಾಲು ನಿಮಿಷದ ಒಂದನ್ನು ಹೇಳುತ್ತೇನೆ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ‘ವೆಸ್ಟ್ ಎಂಡ್ ಬ್ಲೂಸ್’, ಶಿಕಾಗೊ, 1928ರ ಜೂನ್ 28. ಆರಂಭದಲ್ಲಿ ಕಹಳೆ ಒಂದೇ ತಾಳದ ಹಂಗಿಲ್ಲದೆ ಏರಿ ಇಳಿಯುವ ಭಾಗದ ಬಗ್ಗೆ ಎಲ್ಲರೂ ಪುಟಗಟ್ಟಲೆ ಬರೆದಿದ್ದಾರೆ. ನೀವು ಅದನ್ನು ಬಿಟ್ಟು ಕೊನೆಯ ಸುತ್ತಿಗೆ ಕಾಯಿರಿ. ಆರ್ಮ್‌ಸ್ಟ್ರಾಂಗ್ ಅಲ್ಲಿ ಮೇಲಿನ ಬಿ ಫ್ಲ್ಯಾಟ್ ಸ್ವರವೊಂದನ್ನು ಹಿಡಿದು ಸುಮಾರು ನಾಲ್ಕು ಬಾರ್ ಬಿಡುವುದೇ ಇಲ್ಲ. ಬ್ಲೂಸ್‌ನ ಒಂದು ಸುತ್ತು ಹನ್ನೆರಡು ಬಾರ್ ಎಂದು ತಿಳಿದಿದ್ದರೆ ಮಾತ್ರ, ಮೂರನೆಯ ಒಂದು ಪಾಲನ್ನು ಒಂದೇ ಸ್ವರಕ್ಕೆ ಖರ್ಚು ಮಾಡಿದ ಮನುಷ್ಯನ ಧೈರ್ಯ ತಿಳಿಯುತ್ತದೆ. ಉಳಿದ ಎಂಟರಲ್ಲಿ ಏನು ಮಾಡುತ್ತಾರೆಂದು ನಾನು ಹೇಳುವುದಿಲ್ಲ.

ಸಂಜೆಮಲ್ಲಿಗೆ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ‘ಸೋ ವಾಟ್’ ಹಾಕಿ, ಪಾತ್ರೆಗಳನ್ನು ಹಾಗೆಯೇ ಬಿಟ್ಟು, ಒದ್ದೆ ಕೈಯಲ್ಲೇ ತೊಡೆಯ ಮೇಲೆ ತಾಳ ಹಾಕುತ್ತ ಕುಳಿತೆ. ಸಿಂಬಲ್ ಒಡೆದ ಜಾಗ ಸಿಕ್ಕಿತು. ಎಂಟು ಆವರ್ತನ ಎಣಿಸಿ ಬಾಸ್ ಕಡೆ ಕಿವಿ ತಿರುಗಿಸಿದೆ, ನೆಲ ಏರಿತು! ಇಷ್ಟು ವರ್ಷ ಅದು ಏರುತ್ತಲೇ ಇತ್ತು, ನಾನು ಕಹಳೆಯನ್ನೇ ನೋಡುತ್ತ ನಿಂತಿದ್ದೆ. ಡೇವಿಸ್ ಅವರ ಎರಡು ಸುತ್ತುಗಳಲ್ಲಿಯೂ ಲೆಕ್ಕ ತಪ್ಪಲಿಲ್ಲ. ಆಮೇಲೆ ಕೋಲ್ಟ್ರೇನ್ ಬಂದರು. ಅವರ ಸ್ವರಗಳ ಸುರಿಮಳೆಯಲ್ಲಿ ಎರಡನೆಯ ಸುತ್ತಿನ ಎಲ್ಲೋ ಒಂದು ಕಡೆ ನನ್ನ ಕಿರುಬೆರಳು, ಉಂಗುರಬೆರಳು ಎಲ್ಲ ಕಲಸಿಹೋದವು. ಕೈ ನಿಲ್ಲಿಸಿ ಬಾಸ್ ಮಾತ್ರ ಕೇಳುತ್ತ ಕಾದೆ, ನೆಲ ಇಳಿದ ಸದ್ದಾಯಿತು, ಅಲ್ಲಿಂದ ಮತ್ತೆ ಒಂದು ಎಂದು ಶುರು ಮಾಡಿದೆ. ಲೇಖನದ ಮೂರನೆಯ ಪುಟ ಈಗ ಅರ್ಥವಾಗಿದೆ. ನಾಲ್ಕನೆಯದಕ್ಕೆ ಇನ್ನೂ ಕೈ ಹಾಕಿಲ್ಲ.

ಎಂಟಕ್ಷರ ಕಾಲ

ನೆಲ ಇಳಿದಲ್ಲಿ ಒಂದು ಎಂದರೆ ನೀವು ಹದಿಮೂರನೆಯ ಆವರ್ತನದ ಆರಂಭದಲ್ಲಿದ್ದೀರಿ, ಸುತ್ತಿನ ಆರಂಭದಲ್ಲಲ್ಲ. ಇನ್ನು ನಾಲ್ಕು ಆವರ್ತನಕ್ಕೆ ಕ್ಯಾನನ್‌ಬಾಲ್ ಆಡರ್ಲಿಯವರ ಸ್ಯಾಕ್ಸೊಫೋನ್ ಬರುತ್ತದೆ, ಅಲ್ಲಿ ಹಿಡಿದುಕೊಳ್ಳಿ.

ಬಿರ್ಕಾ

ಮತ್ತು ಪೆಟ್ಟು ಎರಡಕ್ಕೆ, ನಾಲ್ಕಕ್ಕೆ.